ನಾಲ್ಕು ಸ್ಕ್ರೂಗಳ ಮೇಲಿನ ನೀಲಿ ಬಣ್ಣ

ಸುಮಲತಾ ಮೊಹರು ಹಾಕಿದ ಪೆಟ್ಟಿಗೆಯನ್ನು ಗೊತ್ತಾಗದಂತೆ ಬಿಚ್ಚುವ ಗಂಡಸು ಅರಬ್ಬಿ ಸಮುದ್ರದ ಈ ದಂಡೆಯಲ್ಲಿಲ್ಲ, ಆ ದಂಡೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ಹಾರವಾಡದವರಾದ ನಾವು ಕಾರವಾರದ ಬಂದರಿನವರೆಗೂ ಕೊಚ್ಚಿಕೊಳ್ಳುತ್ತಿದ್ದೆವು.

ಬೋಟು ಎಲ್ಲಿದೆಯೆಂದು ದಡಕ್ಕೆ ತಿಳಿಸುವ ಟ್ರಾನ್ಸ್‌ಪಾಂಡರ್ ಕೂರಿಸುವುದು ಆಕೆಯ ಕೆಲಸ. ಒಳಗಿನ ಚಿಪ್‌ಗೆ ಯಾರಾದರೂ ಸುಳ್ಳು ಕಲಿಸಿಬಿಟ್ಟರೆ? ಅದಕ್ಕೇ ಉಗುರಿನ ಬಣ್ಣದಲ್ಲಿ ಮೀನಿನ ಹುರುಪೆಯ ಚೂರು ಕಲಸಿ, ಪೆಟ್ಟಿಗೆಯ ನಾಲ್ಕೂ ಸ್ಕ್ರೂಗಳ ಮೇಲೆ ಬಳಿದು, ಒಣಗಿದ ಮೇಲೆ ಫೋಟೊ ತೆಗೆದಿಟ್ಟುಕೊಳ್ಳುತ್ತಿದ್ದಳು. ಬಿಚ್ಚಿದವನು ಮತ್ತೆ ಬಳಿದರೂ ಚೂರುಗಳು ಮೊದಲಿನಂತೆ ಕೂರುವುದಿಲ್ಲ. ಬ್ರಹ್ಮನೂ ಮೂರು ಸಲ ಪ್ರಯತ್ನಿಸಿ ಕೈ ತೊಳೆದುಕೊಂಡು ಹೋದನಂತೆ.

ನಾರಳಿ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಬೋಟುಗಳು ಹೊರಟವು. ಸುಮಲತಾಳ ಅಣ್ಣ ಜಗದೀಶನ ಬೋಟಿಗೆ ಆಕೆಯ ಗಂಡ ಮಂಗೇಶನೇ ತಾಂಡೇಲ, ಬೋಟು ನಡೆಸುವವನು. ಜೊತೆಗೆ ಏಳು ಜನ. ಜಗದೀಶ ದಡದಲ್ಲೇ ಉಳಿದ.

ಐದನೆಯ ದಿನ ಗಾಳಿ ಎದ್ದಿತು. ತೆಂಗಿನಕಾಯಿಗಳು ಮರದಿಂದ ಕೆಳಗೆ ಬೀಳದೆ ಸೀದಾ ಪಕ್ಕದೂರು ಹಟ್ಟಿಕೇರಿಗೆ ಹೋಗಿ ಬೀಳುತ್ತಿದ್ದವು. ಬೆಳಿಗ್ಗೆ ಎಂಟಕ್ಕೆ ಮಂಗೇಶ ಪೆಟ್ಟಿಗೆಯ ಅಪಾಯದ ಗುಂಡಿ ಒತ್ತಿದ. ಜಾಗವೂ ದಡದ ಪರದೆಯ ಮೇಲೆ ಬಂತು: ನಮ್ಮ ದಡದಿಂದ ಆರೇ ಮೈಲು. ಎರಡು ಬೋಟುಗಳು ಓಡಿದವು. ಮಧ್ಯಾಹ್ನ ಬರಿಗೈಲಿ ಮರಳಿದವು. ಅಲ್ಲಿ ಒಂದು ಹಲಗೆಯೂ ಇರಲಿಲ್ಲ. ಪರದೆಯಲ್ಲಿ ಮಾತ್ರ ಬೋಟು ಅಲ್ಲೇ ಕದಲದೆ ನಿಂತಿತ್ತು.

ಮಂಗೇಶನ ತಾಯಿ ದುರ್ಗಿ ಮರಳಿನ ಮೇಲೆ ಕುಸಿದು ಕೂತಳು. “ನಿನ್ನ ಡಬ್ಬಿ ನನ್ನ ಮಗನ್ನ ಎಲ್ಲಿ ಮುಚ್ಚಿಟ್ಟದೆ, ಹೇಳೇ!”

ಬೋಟು ಹೊರಡುವ ಮುಂಚೆ ಸುಮಲತಾ ಒಂದು ಸಲ ಮೊಹರು ನೋಡಬೇಕಿತ್ತು, ಅಣ್ಣನದೇ ಅಲ್ಲವೇ ಎಂದು ಬಿಟ್ಟಿದ್ದಳು. ಈಗ ಪೂಜೆಯ ದಿನ ಜಗದೀಶ ಕಳಿಸಿದ್ದ ಫೋಟೊ ತೆರೆದು ಹಿಗ್ಗಿಸಿದಳು. ಹೂಮಾಲೆ, ಕುಂಕುಮ, ಹಲ್ಲು ಕಿರಿದ ಜಗದೀಶ. ಹಿಂದೆ ಆ ಪೆಟ್ಟಿಗೆ; ಮೊಹರು ಕಾಣುತ್ತಿರಲಿಲ್ಲ.

“ಅಣ್ಣಾ, ಇದಕ್ಕೆ ನೀಲಿ ಬಣ್ಣ ಯಾರು ಹೊಡದದ್ದು?”

“ಪೂಜೆಗೆ ಇಡೀ ಬೋಟಿಗೇ ಹೊಡ್ಸಿದೆ ತಂಗಿ. ಪ್ರತಿ ವರ್ಷಾ ಹೊಡಸೂದಲ್ಲಾ?”

“ಪಕ್ಕದ ಬಾಗ್ಲು ನೋಡು. ಹಳೇ ಬಣ್ಣ ಚಕ್ಕೆ ಎದ್ದದೆ. ಬಾಗ್ಲಿಗೆ ಸಾಲದ ಬಣ್ಣ ನಾಲ್ಕು ಸ್ಕ್ರೂಗೆ ಹೆಂಗೆ ಸಿಕ್ತು?”

ಜಗದೀಶ ಸಮುದ್ರ ನೋಡಿದ.

“ಅವ್ರನ್ನ ಖರೇ ಎಲ್ಲಿಗೆ ಕಳ್ಸಿದ್ದೆ? ನನ್ನ ಕುಂಕುಮ ಅಲ್ಲಿ ಮುಳುಗ್ತಾ ಅದೆ ಅಣ್ಣಾ. ಹೇಳು!”

ಆಗ ಬಾಯಿ ಬಿಟ್ಟ. ಬಲೆ ಬಿಡಬಾರದ ಜಾಗದಲ್ಲಿ ಬಿಟ್ಟರೂ ಬೋಟು ದಡದ ಹತ್ತಿರವೇ ಇದ್ದಂತೆ ತೋರಿಸಲಿ ಎಂದು ಯಾರಿಂದಲೋ ಒಳಗಿನ ಚಿಪ್ ಬದಲಿ ಮಾಡಿಸಿದ್ದ. ಮಂಗೇಶನಿಗೂ ಹೇಳಿರಲಿಲ್ಲ. “ಗುಂಡಿ ಒತ್ತಿದ್ರೆ ಖರೇ ಜಾಗನೇ ತೋರ್ಸ್ತದೆ ಅಂದಿದ್ದ ಅವ. ಲೈಸನ್ಸ್ ಹೋಗ್ತದೆ ಅಂತ ಬೆಳಿಗ್ಗಿಂದ ಹೇಳ್ಲಿಲ್ಲ.” ಬೋಟು ಹೋದದ್ದು ಉತ್ತರಕ್ಕೆ, ಗೋವಾದ ಕಡೆ, ಮೂವತ್ತು ಮೈಲು ಹೊರಗೆ.

ಸಂಜೆಯೊಳಗೆ ಸಿಕ್ಕರು. ಬೋಟು ಮುಳುಗಿತ್ತು. ಬಲೆಯ ತೇಲುಗುಂಡುಗಳನ್ನು ಕಟ್ಟಿಕೊಂಡು ಎಂಟೂ ಜನ ಜೀವ ಹಿಡಿದುಕೊಂಡು ನೀರಿನಲ್ಲಿದ್ದರು. ಮಂಗೇಶನ ಹಿಡಿ ಬಿಡಿಸಲಾಗದೆ ಹಗ್ಗವನ್ನೇ ಕತ್ತರಿಸಿ ಎತ್ತಬೇಕಾಯಿತು.

ವಾರದ ನಂತರ, ಕಾರವಾರದ ಆಸ್ಪತ್ರೆಯಲ್ಲಿ ಮಂಗೇಶನಿಗೆ ಗಂಜಿ ಕುಡಿಸುತ್ತಿದ್ದ ತಂಗಿಯ ಎದುರು ಜಗದೀಶ ಬಂದು ನಿಂತ. ಬೋಟೂ ಇಲ್ಲ, ಲೈಸನ್ಸೂ ಇಲ್ಲ. ಆದರೂ ಗೊಣಗಿದ: “ಊರೆಲ್ಲಾ ಕೊಚ್ಚಿದ್ದೇ ಬಂತು. ನಿನ್ನ ಆ ಮೀನಿನ ಹುರುಪೆ ಯಾರನ್ನ ತಡೀತು?”

ಸುಮಲತಾ ಚಮಚೆ ಕೆಳಗಿಡಲಿಲ್ಲ.

“ಅದ್ಕೆ ಹೆದರದವ ಅದ್ರ ಮೇಲೆ ನೀಲಿ ಬಣ್ಣ ಎಂತಕ್ಕೆ ಬಳದ್ಯೋ ಅಣ್ಣಾ?”