ಬಡಿಸುವ ಹಡಗಿಗೂ ಒಂದು ಗುಂಡು

ನನ್ನ ಮಗ ಮನೆಗೆ ಬಂದ. ಮೂರು ತಿಂಗಳ ಮೊಮ್ಮಗ ಮೊದಲ ಸಲ ಅಪ್ಪನ ಮೀಸೆ ಹಿಡಿದೆಳೆದ. ಇನ್ನು ಮಗನಿಗೆ ದಡದ ಮೇಲೇ ಕೆಲಸ, ಅವನ ಹಡಗು ನಿವೃತ್ತಿಯಾಯಿತು.

ಅದೇನು ಗುಂಡು ಹಾರಿಸುವ ಹಡಗಲ್ಲ. ನೌಕಾಪಡೆಯದೇ, ಆದರೆ ಕರಾವಳಿಯುದ್ದಕ್ಕೂ ಓಡಾಡಿ ಯುದ್ಧದ ಹಡಗುಗಳಿಗೆ ಎಣ್ಣೆ ತುಂಬಿಸುವ ಟ್ಯಾಂಕರು. ಸೇನೆಯಿಂದ ನಿವೃತ್ತರಾದ ಪಕ್ಕದ ತೋಟದ ಸುಬೇದಾರರಿಗೆ ಅದೊಂದು ತಮಾಷೆ. ತಿತಿಮತಿ ಬಸ್ಸಿನಲ್ಲಿ ಎಲ್ಲರೆದುರೇ ಕೇಳುವರು, "ಏನಕ್ಕ, ನಿಮ್ಮ ಮಗನ ಪೆಟ್ರೋಲ್ ಬಂಕ್ ಎಲ್ಲಿಗೆ ಮುಟ್ಟಿತು?"

"ಎಣ್ಣೆ ಇಲ್ಲದಿದ್ರೆ ನಿಮ್ಮ ಯುದ್ಧವನ್ನು ತಳ್ಕೊಂಡು ಹೋಗ್ಬೇಕಿತ್ತು" ಎನ್ನುತ್ತಿದ್ದೆ.

ನನಗೆ ಆ ಹಡಗಿನ ಮೇಲೆ ಪ್ರೀತಿ. ಮೂವತ್ತು ವರ್ಷ ಎಲ್ಲರಿಗೂ ಬಡಿಸಿತು, ಹೆಸರು ಮಾತ್ರ ಉಂಡವರದು. ಅಡುಗೆಮನೆಯಲ್ಲಿ ಬೆಂದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಅದೇ ಹಡಗು ಕೊನೆಗಾಲದಲ್ಲಿ ಮಗನನ್ನು ಬಿಡಲಿಲ್ಲ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುವ ಕ್ರಮ. ಅಪ್ಪ ಬರುವವರೆಗೆ ಕೋವಿ ಮುಟ್ಟಬೇಡಿ ಎಂದು ಹಠ ಹಿಡಿದವಳು ನಾನೇ. ಬರುತ್ತೇನೆ ಎಂದು ಎರಡು ಸಲ ಹೇಳಿದ, ಎರಡು ಸಲವೂ ರಜೆ ಸಿಗಲಿಲ್ಲ. ಸೊಸೆ ಗೇಟಿನ ಕಡೆ ನೋಡುವುದನ್ನೇ ಬಿಟ್ಟಿದ್ದಳು.

ಮೊನ್ನೆ ಮಧ್ಯಾಹ್ನ ಅವನು ಗೇಟು ತೆಗೆದದ್ದೇ ತಡ, ಜೋಡಿ ನಳಿಗೆಯ ಕೋವಿ ತಂದು ಆಕಾಶಕ್ಕೆ ಹೊಡೆದೆ. ಇನ್ನೊಂದು ತೋಟಾ ಉಳಿದಿತ್ತು. ಇದು ಹಡಗಿಗೆ ಇರಲಿ ಎಂದು ಅದನ್ನೂ ಹಾರಿಸಿದೆ.

"ಎಂಥ ಮಾಡಿದೆ ಮಾರಾಯ್ತಿ" ಎಂದು ನಮ್ಮ ಯಜಮಾನರು ತಲೆ ಮೇಲೆ ಕೈಯಿಟ್ಟರು. ಆಗ ಹೊಳೆಯಿತು. ಬೆನ್ನುಬೆನ್ನಿಗೆ ಎರಡು ಗುಂಡು ಎಂದರೆ ಮನೆಯಲ್ಲಿ ಸಾವಾಗಿದೆ ಎಂದು ಊರಿಗೆ ಸಾರಿದ ಹಾಗೆ.

ಕಾಲು ಗಂಟೆಯೊಳಗೆ ಸುಬೇದಾರರು ಬಿಳಿ ಬಟ್ಟೆಯಲ್ಲಿ ಹಾಜರ್, ಹಿಂದೆ ಅವರ ಮನೆಯಾಕೆ. ಜಗಲಿಯಲ್ಲಿ ನಮ್ಮ ಯಜಮಾನರು ಕುಳಿತದ್ದನ್ನು ಕಂಡು ಬೆಚ್ಚಿಬಿದ್ದರು. ಪಾಪ, ಅಳಲು ತಯಾರಾಗಿ ಬಂದದ್ದು ಇವರೇ ಹೋದರೆಂದು.

"ಹಾಗಾದ್ರೆ ಹೋದದ್ದು ಯಾರು?"

"ಹಡಗು" ಎಂದೆ.

ಬೈಯುತ್ತಾರೆ ಎಂದುಕೊಂಡೆ. ಅವರು ಒಂದು ಗಳಿಗೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಆಮೇಲೆ ಮೂಗರಳಿಸಿದರು. "ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದಕ್ಕ. ನಿಮ್ಮಲ್ಲಿ ಪಂದಿಕರಿ ವಾಸನೆ ಬರ್ತಾ ಉಂಟಲ್ಲ?"

ಸಂಜೆ ಮನೆಮಂದಿಯೆಲ್ಲ, ಸುಬೇದಾರ ದಂಪತಿಯೂ ಸೇರಿ, ಊಟಕ್ಕೆ ಕುಳಿತರು. ನಾನು ಎಂದಿನಂತೆ ಸೌಟು ಹಿಡಿದು ನಿಂತರೆ ಮಗ ಅದನ್ನು ಕಿತ್ತುಕೊಂಡು, "ನೀನೂ ನಿವೃತ್ತಿ, ಕೂತ್ಕೋ ಅವ್ವ" ಎಂದ. ಎಲ್ಲರಿಗೂ ಬಡಿಸಿ ಸೊಸೆಯ ಪಕ್ಕ ಕುಳಿತ. ಅಕ್ಕಿತರಿಯ ಬಿಸಿ ಕಡಂಬಿಟ್ಟಿನ ಉಂಡೆ ಮುರಿದು ಹಂದಿ ಸಾರಿನಲ್ಲಿ ಅದ್ದಿಕೊಂಡೆ. ಸುಬೇದಾರರು ಮೂರನೆಯ ಸಲ ತಟ್ಟೆ ಚಾಚುತ್ತಿದ್ದರು.