ಕ್ಯಾಸೆಟ್ಟಿನ ಮೂಲೆಯ ಕಾಗದದ ಉಂಡೆ

ಮೊನ್ನೆ ಬೀರು ಒರೆಸುವಾಗ ಹಳೆಯ ಕ್ಯಾಸೆಟ್ಟೊಂದು ಕೈಗೆ ಬಂತು. ಅದರ ಮೂಲೆಯ ಗುಳಿಯಲ್ಲಿ ಮಡಿಸಿ ತುರುಕಿದ ಕಾಗದದ ಉಂಡೆ. ನೀವು ಆ ಕಾಲದವರಾದರೆ ಬಲ್ಲಿರಿ: ಇದರ ಮೇಲೆ ಯಾರೂ ಬೇರೇನೂ ರೆಕಾರ್ಡ್ ಮಾಡದಿರಲಿ ಎಂದು ಅಲ್ಲಿನ ಪ್ಲಾಸ್ಟಿಕ್ ಚೂರನ್ನು ಮುರಿದಿಡುತ್ತಿದ್ದರು. ಗುಳಿಗೆ ಕಾಗದ ತುರುಕಿದರೆ ಯಂತ್ರ ಮೋಸಹೋಗುತ್ತಿತ್ತು. ತುರುಕಿದವಳು ನಾನೇ.

ಆಗ ತೊಂಬತ್ತರ ದಶಕ. ನಾವು ಮುಳಬಾಗಿಲಲ್ಲಿದ್ದೆವು. ಪಕ್ಕದ ಮನೆಯ ನಸ್ರೀನಳ ಮಾಮೂ ದುಬೈಯಿಂದ ಟೀವಿಗೆ ಸಿಕ್ಕಿಸುವ ಕಂಪ್ಯೂಟರ್ ತಂದಿದ್ದರು. ನೋಡಲು ಬರೀ ಕೀಬೋರ್ಡು. ಆಟ ಇರುತ್ತಿದ್ದದ್ದು ಕ್ಯಾಸೆಟ್ಟಿನಲ್ಲಿ. ಅದು ಇಪ್ಪತ್ತು ನಿಮಿಷ ಕೀಚಲು ದನಿಯಲ್ಲಿ ಕಿರುಚಿ ಕಂಪ್ಯೂಟರಿನ ಒಳಗಿಳಿದ ಮೇಲೆ ನಿಂಜಾ ಕಾಣಿಸಿಕೊಳ್ಳುತ್ತಿದ್ದ. ಜಪಾನಿನ ಗೂಢಯೋಧ, ಮೈತುಂಬ ಕಪ್ಪು ಬಟ್ಟೆ, ಬೆಕ್ಕಿನ ನಡಿಗೆ. ಅವನು ಕತ್ತಿ, ಹಗ್ಗ ಹುಡುಕಿಕೊಂಡು, ಕಾವಲುಗಾರರನ್ನು ಕೆಡವಿ, ನದಿಯನ್ನು ಕಲ್ಲಿಂದ ಕಲ್ಲಿಗೆ ನೆಗೆದು ದಾಟಬೇಕು. ನಾನು ಅವನನ್ನು ಮುಳುಗಿಸಿದಷ್ಟು ಸಲ ನಮ್ಮೂರ ಕೆರೆಯಲ್ಲಿ ಎಮ್ಮೆಗಳೂ ಮುಳುಗಿರಲಿಕ್ಕಿಲ್ಲ.

ಒಂದು ಭಾನುವಾರ ನಸ್ರೀನ್ ಆ ಆಟದ ಕ್ಯಾಸೆಟ್ಟು ಹಿಡಿದು ಏದುಸಿರು ಬಿಡುತ್ತ ಬಂದಳು.

"ಲೇ, ಈ ಕ್ಯಾಸೆಟ್ಟು ಮಾಮೂ ದೋಸ್ತ್‌ದಂತೆ. ನಾಲ್ಕು ಗಂಟೆ ಬಸ್ಸಿಗೆ ಕೋಲಾರಕ್ಕೋಗಿ ವಾಪಸ್ ಕೊಟ್ಬಿಡ್ತಾರೆ. ನಿಮ್ಮನೇಲಿ ಡಬಲ್ ಕ್ಯಾಸೆಟ್ ಟೇಪ್‌ರೆಕಾರ್ಡರ್ ಐತಲ್ಲ, ಇಳಿಸ್ಕೊಳ್ಳೋಣ ಕಣೇ!"

ಗಂಟೆ ಮೂರು ಹೊಡೆದಿತ್ತು. ಮನೆಯವರೆಲ್ಲ ನಂಗಲಿಯ ಮದುವೆಗೆ ಹೋಗಿದ್ದರು. ಖಾಲಿ ಕ್ಯಾಸೆಟ್ಟಿಲ್ಲ, ಅಂಗಡಿ ಮುಚ್ಚಿದೆ. ಅಜ್ಜಿಯ ಟ್ರಂಕಿನಲ್ಲಿ ಹೆಸರಿಲ್ಲದ್ದೊಂದು ಸಿಕ್ಕಿತು. ಮೂಲೆ ಮುರಿದಿತ್ತು. ಅಷ್ಟಕ್ಕೇ ನಾನು ನಿಲ್ಲಬೇಕಿತ್ತು. ಒಂದರೆಗಳಿಗೆ ಹಾಕಿ ಅರೆಮನಸ್ಸಿನಿಂದ ಕೇಳಿದೆ: ಪಾತ್ರೆ ಸದ್ದು, ಹೆಂಗಸರ ಮಾತು.

"ಏನಿಲ್ಲ ಕಣೇ, ಬರೀ ಗಲಾಟೆ," ಎಂದು ಲೆಕ್ಕದ ಪುಸ್ತಕದ ಹಾಳೆ ಹರಿದು ತುರುಕಿ, ಅಲ್ಲಿಂದಲೇ ಗುಂಡಿ ಒತ್ತಿದೆ.

ನನ್ನ ಒಂದು ಕಣ್ಣು ಬಾಗಿಲ ಮೇಲೆ, ಇನ್ನೊಂದು ಗಡಿಯಾರದ ಮೇಲೆ. ನಮ್ಮ ಕರೆಂಟಿಗೆ ಹೋಗಲು ನೆಪ ಬೇಕಿರಲಿಲ್ಲ. ಆಟ ಇಳಿದು ಮುಗಿದದ್ದೇ ನಸ್ರೀನ್ ಅಸಲಿ ಕ್ಯಾಸೆಟ್ಟು ಕಿತ್ತುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದಳು. ಗೆದ್ದೆ ಎಂದು ಬೀಗಿದೆ.

ಸಂಜೆ ಬಂದ ಅಜ್ಜಿ ಸೀರೆಯನ್ನೂ ಬದಲಿಸದೆ ಚಾಪೆ ಮೇಲೆ ಕೂತರು. "ಮದುವೇಲಿ ಸಾವಿತ್ರಿದೇ ನೆನಪು. ಅವಳ ಹಾಡು ಹಾಕು ತಲ್ಲೀ. ಟ್ರಂಕಲ್ಲಿ ಐತೆ." ಅಜ್ಜಿಗೆ ಮನೆಯ ಹೆಣ್ಣುಮಕ್ಕಳೆಲ್ಲ ತೆಲುಗಿನ 'ತಲ್ಲೀ', ಅಂದರೆ ತಾಯೀ.

ಸಾವಿತ್ರಿ ಅಜ್ಜಿಯ ಮಗಳು, ನನ್ನ ಸೋದರತ್ತೆ. ನಾನು ತೊಟ್ಟಿಲಲ್ಲಿದ್ದ ವರ್ಷವೇ ಜ್ವರ ಬಂದು ತೀರಿಕೊಂಡವರು. ನನ್ನ ನಾಮಕರಣದ ದಿನ ಅವರು ತೊಟ್ಟಿಲು ತೂಗಿ ಹಾಡಿದ್ದನ್ನು ಯಾರೋ ರೆಕಾರ್ಡ್ ಮಾಡಿದ್ದರಂತೆ. ಅವರ ದನಿ ಉಳಿದದ್ದು ಅದೊಂದರಲ್ಲೇ.

ಮಧ್ಯಾಹ್ನದ ಆ ಕ್ಯಾಸೆಟ್ಟನ್ನೇ ತಂದು ಹಾಕಿದೆ. ಪಾತ್ರೆ ಸದ್ದು, ಹೆಂಗಸರ ಮಾತು, "ಹಾಡೇ ಸಾವಿತ್ರೀ" ಎಂದೊಬ್ಬರು. ಆಮೇಲೆ ಆ ಕಿರುಚಾಟ.

"ಟೇಪು ಕೆಟ್ಟೋಗಿದೆ ಅಜ್ಜಿ," ಎಂದು ನಿಲ್ಲಿಸಲು ಹೋದೆ.

ಅಜ್ಜಿ ನನ್ನನ್ನು ನೋಡಿದರು, ಗುಳಿಯ ಕಾಗದವಿದ್ದ ಕಡೆಯೂ ನೋಡಿದರು. "ಇರ್ಲಿ ಬಿಡು. ಓಡ್ಲಿ," ಎಂದರು.

ನಾನು ನಿಂಜಾನಂತೆ ಸದ್ದಿಲ್ಲದೆ ಜಾರಿಕೊಂಡೆ. ಆ ನಕಲು ಕಂಪ್ಯೂಟರಿಗೂ ದಕ್ಕಲಿಲ್ಲ. ಆಟ ಏಳಲೇ ಇಲ್ಲ. ಅಜ್ಜಿ ಮಾತ್ರ ಆಗಾಗ ಆ ಕ್ಯಾಸೆಟ್ಟು ಕೇಳುತ್ತಿದ್ದರು. ನಾನು ಹಾಕಿಕೊಟ್ಟು ಹಿತ್ತಲಿಗೆ ಓಡುತ್ತಿದ್ದೆ. ಅದು ನನಗೆ ಕೊಡುವ ಶಿಕ್ಷೆ ಎಂದೇ ತಿಳಿದಿದ್ದೆ. ಅವರು ಹೋಗುವವರೆಗೂ ನಾನು ತಪ್ಪೊಪ್ಪಿಕೊಳ್ಳಲಿಲ್ಲ, ಅವರೂ ಕೇಳಲಿಲ್ಲ.

ಮೊನ್ನೆ ಹಳೆಯ ಟೇಪ್‌ರೆಕಾರ್ಡರಿಗೆ ಅದನ್ನು ಹಾಕಿ, ಮೊದಲ ಸಲ ಓಡಿಹೋಗದೆ ಕೂತೆ. ಇಪ್ಪತ್ತು ನಿಮಿಷದ ಕಿರುಚಾಟ ಕಿವಿಯನ್ನು ಕೊರೆಯಿತು. ಆಮೇಲೆ ಟಕ್ ಎಂದು ನಿಂತಿತು. ಅದರಾಚೆ, ನಾನು ಅಳಿಸದೆ ಬಿಟ್ಟ ತುದಿಯಲ್ಲಿ, ಹಾಡಿನ ಕೊನೆಯ ಸಾಲು. ಒಂದು ನಗು.

"ಅಮ್ಮಾ, ಗಂಟಲು ಒಣಗ್ತು, ನೀರು ಕೊಡೇ."

"ವಸ್ತುನ್ನಾನು ತಲ್ಲೀ," ಬಂದೆ ತಾಯೀ ಎಂದು ತೆಲುಗಿನಲ್ಲಿ, ಅಜ್ಜಿಯ ಆಗಿನ ದನಿ.

ಅಷ್ಟೇ. ಆ ಎರಡು ಮಾತಿಗಾಗಿ ಅವರು ಪ್ರತಿಸಲವೂ ಇಪ್ಪತ್ತು ನಿಮಿಷ ಕಾದು ಕೂತಿರುತ್ತಿದ್ದರು. ಒಂದು ದಿನವಾದರೂ ನಾನು ಪಕ್ಕದಲ್ಲಿ ಕೂತಿದ್ದರೆ! ಅತ್ತು ಮುಗಿದ ಮೇಲೆ ಕ್ಯಾಸೆಟ್ಟು ತೆಗೆದು, ಪಿನ್ನಿನಿಂದ ಗುಳಿಯ ಕಾಗದವನ್ನು ಕಿತ್ತು ಹಾಕಿದೆ.