ಉಡಿಯಲ್ಲಿ ಬಂದ ಹೊಲದ ಫೈಲು

ಅಪ್ಪ ತೀರಿಕೊಂಡು ವರ್ಷ ತುಂಬಿದ ಮೇಲೆ ಸಗರದ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ವರು ಕೂತಿದ್ದೆವು. ಎಲ್ಲರಿಗಿಂತ ಹಿರಿಯಳು ಅಕ್ಕ, ಅವಳ ಬೆನ್ನಿಗೆ ಹುಟ್ಟಿದ ಅಣ್ಣ, ಅಣ್ಣನ ಹೆಂಡತಿ ವೈನಿ, ಮತ್ತೆ ಸುರಪುರದಿಂದ ಬೆಳಗಿನ ಬಸ್ಸಿಗೆ ಬಂದಿಳಿದ ನಾನು, ಮನೆಯ ಕಿರಿಯಳು. ನಡುವೆ ಅಪ್ಪನ ಕಾಗದಗಳ ಗಂಟು. ಅಪ್ಪ ಇರುವತನಕ ಅದನ್ನು ಬಿಚ್ಚಿದವರಿಲ್ಲ. ಅದು ಸಂದೂಕಿನ ತಳದಲ್ಲಿ, ಅಪ್ಪನಿಗಿಂತ ಮೊದಲೇ ಹೋದ ಅವ್ವನ ಮದುವೆ ಸೀರೆಯ ಕೆಳಗೆ ಇರುತ್ತಿತ್ತು.

ಅಣ್ಣ ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಕಾಗದಕ್ಕೆ ರಂಧ್ರ ಹೊಡೆಯದೆ ಇಟ್ಟರೆ ಅವನಿಗೆ ಊಟ ಸೇರುವುದಿಲ್ಲ. ಶಹಾಪುರದ ಅಂಗಡಿಯಿಂದ ಫೈಲುಗಳ ಒಂದು ಕಟ್ಟನ್ನೇ ತಂದಿದ್ದ, ಜೊತೆಗೆ ಲೇಬಲ್ಲು, ಗೋಂದು, ಟ್ಯಾಗಿನ ದಾರ.

ಅಕ್ಕ ಕಟ್ಟನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡಳು. "ತಮ್ಮಾ, ಇಷ್ಟು ಫೈಲ ತಂದಿ, ಇವಕ್ಕೆಲ್ಲ ತುಂಬಾಕ ಹೊಲ ಎಲ್ಲಿಂದ ತರ್ತೀಯೋ? ಬೋನಾಳ ಕೆರಿ ಬರಕೋತೀ ಏನು?"

"ನಗು ನಗು," ಅಂದ ಅಣ್ಣ. "ನಾಳೆ ಫೌತಿ ಖಾತಿ ಮಾಡ್ಸಾಕ ಹೋದಾಗ ಒಂದು ಕಾಗದ ಸಿಗಲಿಲ್ಲಂದ್ರ ನೀನೇ ನನಗ ಬೈತಿ."

ಸತ್ತವರ ಹೆಸರಿನಿಂದ ಹೊಲವನ್ನು ಬದುಕಿರುವವರ ಹೆಸರಿಗೆ ಏರಿಸುವುದಕ್ಕೆ ಫೌತಿ ಖಾತೆ ಅನ್ನುತ್ತಾರೆ. ಎಲ್ಲ ಹೊಲವೂ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು.

ಗಂಟಿನಿಂದ ಉರ್ದು ಕಾಗದಗಳು ಮೊದಲು ಬಂದವು. ನಿಜಾಮರ ಕಾಲದವು, ಮಡಿಕೆಯಲ್ಲೇ ಸೀಳಿದವು. ನಮ್ಮಲ್ಲಿ ಯಾರಿಗೂ ಓದಲು ಬರುವುದಿಲ್ಲ. ಅಣ್ಣ ಅವನ್ನು ತಲೆಕೆಳಗು ಹಿಡಿದು ನೋಡುತ್ತಿದ್ದಾನೆಂದು ಅಕ್ಕ ಹೇಳಿದಳು, ಸರಿಯಾಗಿ ಹಿಡಿದರೆ ಹೇಗಿರುತ್ತದೆಂದು ಅವಳಿಗೂ ಗೊತ್ತಿರಲಿಲ್ಲ. ಅವಕ್ಕೊಂದು ಫೈಲಾಯಿತು. ವೈನಿಯ ಅಕ್ಷರ ದುಂಡಗೆ. ಹೀಗಾಗಿ ಲೇಬಲ್ಲು ಬರೆಯುವ ಕೆಲಸ ಅವರದು.

ಪ್ರತಿ ಲೇಬಲ್ಲಿಗೂ ಅಣ್ಣ ಮೂರು ಸಾಲು ಹೇಳುತ್ತಿದ್ದ. ಮೊದಲನೆಯದು ಊರವರು ಕರೆಯುವ ಹೊಲದ ಹೆಸರು, ಎರಡನೆಯದು ಸರ್ವೆ ನಂಬರು, ಮೂರನೆಯದು ಹೊಲ ನಮಗೆ ಹೇಗೆ ಬಂತೆಂಬುದು. ಹುಣಸೀಗಿಡದ ಹೊಲಕ್ಕೆ ಪಿತ್ರಾರ್ಜಿತ ಎಂದು ಬರೆದಾಯಿತು. ಮಡ್ಡಿ ಹೊಲವನ್ನು ಅಪ್ಪ ಅವ್ವನ ಕೈಯ ಬಂಗಾರದ ಪಾಟ್ಲಿ ಮಾರಿ ಕೊಂಡದ್ದು, ಅದಕ್ಕೆ ಖರೀದಿ. "ಪಾಟ್ಲಿ ಅಂತ ಬರಿ ವೈನಿ, ಖರೀದಿ ಅಂದ್ರ ಅವ್ವ ಸಿಟ್ಟಾಗ್ತಾಳ," ಎಂದೆ ನಾನು. ಎಲ್ಲರೂ ನಕ್ಕೆವು. ಆ ದಿನ ಎಲ್ಲರೂ ಕೂಡಿ ನಕ್ಕದ್ದು ಅದೇ ಕೊನೆ.

ಆಮೇಲೆ ಹಳ್ಳದ ದಂಡೆಯ ಹೊಲ ಬಂತು. ಊರಲ್ಲಿ ಯಾರೂ ಅದನ್ನು ಹಾಗೆ ಕರೆಯುವುದಿಲ್ಲ. ಎಲ್ಲರಿಗೂ ಅದು ಅಕ್ಕನ ಹೊಲ.

ಅಕ್ಕನನ್ನು ಗಂಡನ ಮನೆಗೆ ಕಳಿಸುವ ದಿನ ನಾನು ಇನ್ನೂ ಲಂಗದ ಹುಡುಗಿ. ಹೆಂಗಸರು ಅವಳ ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನಬೇರು ಹಾಕಿದ ಮೇಲೆ ಅಪ್ಪ ಹೊರಗಿನಿಂದ ಬಂದ. ಅವನ ಮುಷ್ಟಿಯಲ್ಲಿ ಹಳ್ಳದ ದಂಡೆಯ ಕರಿಮಣ್ಣಿತ್ತು. ಅದನ್ನು ಅಕ್ಕನ ಉಡಿಗೆ ಹಾಕಿ, ಹಿರಿಯರ ಕಡೆ ತಿರುಗಿ, "ಈ ಹೊಲ ಈಕಿದು" ಅಂದ. ಹಿರಿಯರು ಹೌದೆಂದರು. ಅಲ್ಲಿಗೆ ಮುಗಿಯಿತು. ಉಡಿಗೆ ಹಾಕಿದ್ದಕ್ಕೆ ಕಾಗದ ಮಾಡಿಸುವುದೆಂದರೆ ಕೊಟ್ಟವನ ಮಾತಿಗೆ ಜಾಮೀನು ಕೇಳಿದ ಹಾಗೆ. ನಮ್ಮ ಕಡೆ ಹಾಗೆ ಯಾರೂ ಕೇಳುತ್ತಿರಲಿಲ್ಲ.

ಅಕ್ಕನ ಗಂಡ ಬಹಳ ದಿನ ಬಾಳಲಿಲ್ಲ. ಅವಳು ತಿರುಗಿ ಸಗರಕ್ಕೆ ಬಂದಳು. ಬಂದ ಮರುವಾರವೇ ಕುಡುಗೋಲು ಹಿಡಿದು ಆ ಹೊಲಕ್ಕೆ ಹೋದಳು. ಅಂದಿನಿಂದ ಅಲ್ಲಿ ತೊಗರಿ ಬಿತ್ತಬೇಕೋ ಹತ್ತಿ ಊರಬೇಕೋ ಎಂದು ಅಪ್ಪನೂ ಅವಳನ್ನೇ ಕೇಳುತ್ತಿದ್ದ.

ವೈನಿ ಮೊದಲ ಸಾಲು, ಎರಡನೆಯ ಸಾಲು ಬರೆದು ಪೆನ್ನು ಎತ್ತಿ ಹಿಡಿದರು. "ಮೂರನೇದು?"

ಅಣ್ಣ ಕನ್ನಡಕ ತೆಗೆದು ಒರೆಸಿದ. ಒರೆಸುತ್ತಲೇ ಇದ್ದ.

"ಉಡಿಯಾಗ ಬಂದದ್ದು ಅಂತ ಬರಿ," ಅಂದಳು ಅಕ್ಕ. ಸಲೀಸಾಗಿ ಅಂದಳು, ಖರೀದಿ ಅಂದ ಹಾಗೆಯೇ.

"ಹಂಗ ಬರ್ಯಾಕ ಬರಂಗಿಲ್ಲಕ್ಕ. ಫೈಲಿನ ಒಳಗ ಇಲ್ಲದ್ದು ಮ್ಯಾಲ ಬರೀಬಾರದು. ಪಹಣಿ ಅಪ್ಪನ ಹೆಸರಿಲೆ ಅದ. ದಾನಪತ್ರ ಇಲ್ಲ, ಏನೂ ಇಲ್ಲ."

"ನಾ ಅದೀನಲ್ಲ. ಈಕಿ ನೋಡ್ಯಾಳ," ಎಂದು ನನ್ನ ಕಡೆ ಕೈ ಮಾಡಿದಳು.

"ಹೌದಣ್ಣ, ನಾ ನೋಡೀನಿ," ಎಂದೆ.

"ನಾನೂ ನೋಡೀನವ್ವ. ಅಪ್ಪನ ಹಿಂದೇ ನಿಂತಿದ್ದೆ. ನಾವು ನೋಡಿದ್ದು ಕಚೇರ್ಯಾಗ ನಡ್ಯಾಂಗಿಲ್ಲ." ಅವನ ದನಿ ತಗ್ಗಿತು. "ಅಕ್ಕಾ, ಹೊಲ ನಿಂದ. ಇಲ್ಲ ಅಂದವರ ನಾಲಿಗಿ ಬೀಳಲಿ. ವಿಭಾಗ ಪತ್ರ ಮಾಡೋಣ, ನಿನ್ನ ಪಾಲಿನ ಹಿಸ್ಸಾ ಅಂತ ಇದು ನಿನ್ನ ಹೆಸರಿಗಿ ಬರ್ತದ. ಕಾಯ್ದೇನ ಕೊಟ್ಟದ. ಮೂರನೇ ಸಾಲಿನಾಗ ಹಿಸ್ಸಾ ಅಂತ ಬರಿಯೋಣ, ಮುಗೀತು."

"ಹಿಸ್ಸಾ?" ಅಂದಳು ಅಕ್ಕ. "ನಾ ಹಿಸ್ಸಾ ಕೇಳೀನೇನೋ ನಿನಗ? ಹಿಸ್ಸಾ ಅಂದ್ರ ಅಪ್ಪ ಸತ್ತ ಮ್ಯಾಲ ಬಂದದ್ದು. ನನಗ ಅಪ್ಪ ಬದುಕಿದ್ದಾಗ ಕೊಟ್ಟಾನ."

ವೈನಿ ಮೆಲ್ಲಗೆ ಇನ್ನೊಂದು ದಾರಿ ತೆಗೆದರು. "ಹಂಗಂದ್ರ ಮೊದಲ ಇವರ ಹೆಸರಿಗಿ ಆಗಲಿ. ಆಮ್ಯಾಲ ಇವರು ನಿಮಗ ದಾನಪತ್ರ ಮಾಡಿಕೊಡ್ತಾರ. ಕಾಗದದಾಗ ದಾನ ಅಂತನೇ ಇರ್ತದಲ್ಲ."

"ಯಾರು ಕೊಟ್ಟ ದಾನ ಅಂತ ಇರ್ತದ?"

ವೈನಿ ಪೆನ್ನಿಗೆ ಮುಚ್ಚಳ ಹಾಕಿದರು.

"ತಮ್ಮ ಕೊಟ್ಟಾನ ಅಂತ ಇರ್ತದ. ಅಪ್ಪ ಕೊಟ್ಟಿದ್ದು ಎಲ್ಲಿ ಹೋತು?" ಅಕ್ಕನ ದನಿ ಏರಲಿಲ್ಲ. "ನಮ್ಮನಿಯವರು ಹೋದ ದಿನ ಕುಂಕುಮ ಹೋತು, ಬಳಿ ಹೋತು. ಅವತ್ತಿನಿಂದ ಯಾರೂ ನನಗ ಉಡಿ ತುಂಬಿಲ್ಲ. ಗಂಡನ ಮನಿಗಿ ಕಳಿಸಿದಾಗ ತುಂಬಿದ್ದರಾಗ ಉಳದದ್ದು ಇದೊಂದ ಅದ. ಇದನ್ನೂ ಹಿಸ್ಸಾ ಅಂತೀ ಏನೋ ತಮ್ಮಾ."

ಅಣ್ಣ ಕಟುಕನಲ್ಲ. ಅಕ್ಕನಿಗೆ ಜ್ವರ ಬಂದರೆ ಯಾದಗಿರಿಯಿಂದ ಸಿಕ್ಕ ಬಸ್ಸು ಹಿಡಿದು ಓಡಿಬರುವವನು. ಆದರೆ ಸುಳ್ಳು ಲೇಬಲ್ಲು ಅಂಟಿಸಲು ಅವನ ಕೈ ಏಳಲಿಲ್ಲ. ಅಕ್ಕನಿಗೆ ಅದೇ ಮೂರನೆಯ ಸಾಲು ನಿಜ, ಮೇಲಿನ ಎರಡು ಸಾಲು ಏನಾದರೂ ಇರಲಿ. ಇಬ್ಬರ ನಡುವೆ ಕೂತು ನಾನು ಟ್ಯಾಗಿನ ದಾರವನ್ನು ಬೆರಳಿಗೆ ಸುತ್ತುತ್ತಿದ್ದೆ.

ಕಡೆಗೆ ಅಕ್ಕನೇ ಎದ್ದಳು. "ನಿನ್ನ ಹೆಸರಿಗಿ ಮಾಡ್ಕೋ," ಅಂದಳು. "ನಾ ಎಲ್ಲಿ ಹೆಬ್ಬಟ್ಟು ಒತ್ತಬೇಕು ಹೇಳು, ಒತ್ತುತೀನಿ. ಖರೇ ಇದ್ದದ್ದ ಬರಿ ಫೈಲಿನ ಮ್ಯಾಲ."

"ಅಕ್ಕಾ, ಸಿಟ್ಟಿಲೆ ಅನ್ನಬ್ಯಾಡ."

"ಸಿಟ್ಟಿಲ್ಲಪ್ಪ. ಚಹಾ ಮಾಡ್ತೀನಿ, ಕುಂದರ್ರಿ."

ಚಹಾ ಮಾಡಿ ತಂದಳು. ಅಣ್ಣನ ಲೋಟಕ್ಕೆ ಯಾವಾಗಿನಂತೆ ಸಕ್ಕರೆ ಕಡಿಮೆ ಹಾಕಿದ್ದಳು.

ಅಣ್ಣ ತಿಂಗಳುಗಟ್ಟಲೆ ಕಾದ. ನಾನು ಸುರಪುರದಿಂದ ಬಂದು ಬಂದು ಹೇಳಿದೆ. ಊರ ಹಿರಿಯರೊಬ್ಬರನ್ನು ಕರೆತಂದೂ ಹೇಳಿಸಿದೆವು. ಅಕ್ಕ ಎಲ್ಲರಿಗೂ ಒಂದೇ ಮಾತು ಹೇಳಿದಳು: ಹಿಸ್ಸೆ ಬೇಡ, ತಮ್ಮನ ದಾನ ಬೇಡ. ಶಹಾಪುರದ ಕಚೇರಿಯಲ್ಲಿ ಅಣ್ಣನ ಹೆಸರಿಗೆ ಹಕ್ಕು ಬಿಟ್ಟ ಪತ್ರಕ್ಕೆ ನಾನು ಸಹಿ ಹಾಕಿದೆ, ಅವಳು ಹೆಬ್ಬೆಟ್ಟು ಒತ್ತಿದಳು. ಬೆರಳಿನ ಮಸಿಯನ್ನು ಹೊರಗಿನ ನಳದಲ್ಲಿ ತೊಳೆದುಕೊಂಡು, ಹಸಿವಾಗಿದೆ ಅಂದಳು. ಮೂವರೂ ಬಸ್‌ಸ್ಟ್ಯಾಂಡಿನಲ್ಲಿ ಸುಸಲಾ ಮಿರ್ಚಿ ತಿಂದೆವು. "ನೀ ಇರೋತನಕ ನೀನೇ ಮಾಡು ಅಕ್ಕಾ," ಎಂದು ಅಣ್ಣ ಹೇಳಿದ್ದಕ್ಕೆ "ಹ್ಞೂಂ" ಅಂದಳು.

ಆ ವರ್ಷ ಎಳ್ಳಮಾಸೆಗೆ ಬೆಳೆಗೆ ಎಡೆಯ ಚರಗ ಚೆಲ್ಲಲು ಎಲ್ಲರೂ ಹಳ್ಳದ ದಂಡೆಯ ಹೊಲಕ್ಕೆ ಹೋದೆವು. ಅಣ್ಣ, ವೈನಿ, ನಾನು ಮುಂದೆ ನಡೆದು ಜೋಳದ ಸಾಲಿನ ನಡುವೆ ನಿಂತೆವು. ಅಕ್ಕ ಕಡುಬು, ಸಜ್ಜಿ ರೊಟ್ಟಿ, ಭಜ್ಜಿಯ ಬುಟ್ಟಿ ಹೊತ್ತು ಹಿಂದಿನಿಂದ ಬರುತ್ತಿದ್ದಳು. ಬದುವಿನ ಮೇಲೆ ಬಂದು ನಿಂತುಬಿಟ್ಟಳು. ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಳು. ಬುಟ್ಟಿಯನ್ನು ತಲೆಯ ಮೇಲಿಂದ ಇಳಿಸಲಿಲ್ಲ.

"ತಮ್ಮಾ," ಎಂದು ಕೂಗಿದಳು, "ಒಳಗ ಬರ್ಲೇನು?"